ಮುಗಿಯದ ಹಬ್ಬದಲ್ಲಿ ಒಬ್ಬ ಅಪ್ಪ

ಹಬ್ಬ ಮುಗಿದ ಮಾರನೆಯ ಬೆಳಿಗ್ಗೆ ಮಕ್ಕಳು ಕೇಳುವ ಪ್ರಶ್ನೆ ಎಲ್ಲ ಮನೆಗಳಲ್ಲೂ ಒಂದೇ. ‘ಇವತ್ತೂ ಯಾಕೆ ಹಬ್ಬ ಇರಬಾರದು?’ ಒಬ್ಬಟ್ಟಿನ ಕಣಕ ನಾದಿ ತೋಳು ಸೋತ ತಾಯಿಗೆ ಈ ಮಾತು ಕೇಳಿದರೆ ನಗುವೂ ಬರುತ್ತದೆ, ಎದೆಯೂ ಝಲ್ಲೆನ್ನುತ್ತದೆ. ಮಕ್ಕಳ ಈ ಆಸೆ ನಿಜವಾಗಿಬಿಟ್ಟರೆ ಏನಾಗುತ್ತದೆ ಎಂದು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಅಮೆರಿಕದ ಒಬ್ಬ ಲೇಖಕ ಯೋಚಿಸಿದ್ದ. ಅವನ ಹೆಸರು ವಿಲಿಯಂ ಡೀನ್ ಹೋವೆಲ್ಸ್. ‘ಅಟ್ಲಾಂಟಿಕ್ ಮಂತ್ಲಿ’ ಎಂಬ ಹೆಸರಾಂತ ಪತ್ರಿಕೆಯ ಸಂಪಾದಕನಾಗಿದ್ದವನು, ಕಾದಂಬರಿಕಾರ. 1892ರಲ್ಲಿ ಅವನ ಮಕ್ಕಳ ಕಥೆಗಳ ಪುಸ್ತಕ ಬಂತು. ಅದರ ಮೊದಲ ಕಥೆ ‘ಕ್ರಿಸ್ಮಸ್ ಎವ್ವೆರಿ ಡೇ’, ಅಂದರೆ ದಿನವೂ ಕ್ರಿಸ್ಮಸ್.

ಅದು ಅಪ್ಪ ಮಗಳಿಗೆ ಹೇಳುವ ಕಥೆ. ಕಥೆಯೊಳಗಿನ ಪುಟ್ಟ ಹುಡುಗಿ ಕ್ರಿಸ್ಮಸ್ ಯಕ್ಷಿಣಿಯ ಬೆನ್ನು ಹತ್ತಿ, ವರ್ಷವಿಡೀ ಪ್ರತಿದಿನವೂ ಕ್ರಿಸ್ಮಸ್ ಇರಲಿ ಎಂಬ ವರ ಪಡೆಯುತ್ತಾಳೆ. ಮೊದಲು ಸಂಭ್ರಮ. ಆಮೇಲೆ ಮಿಠಾಯಿ ತಿಂದು ಹೊಟ್ಟೆನೋವು. ಆಮೇಲೆ ಉಡುಗೊರೆ ಕೊಂಡೂ ಕೊಂಡೂ ಊರಿಗೆ ಊರೇ ಬಡವಾಗುತ್ತದೆ. ಟರ್ಕಿ ಕೋಳಿಯ ಬೆಲೆ ಸಾವಿರ ಡಾಲರಿಗೆ ಏರುತ್ತದೆ. ಕ್ರಿಸ್ಮಸ್ ಮರಕ್ಕಾಗಿ ಕಡಿದು ಕಡಿದು ಕಾಡು ಬೋಳಾಗುತ್ತದೆ. ಕೊನೆಗೆ ಜನ ಉಡುಗೊರೆಯನ್ನು ಕೈಗೆ ಕೊಡುವುದನ್ನೂ ಬಿಟ್ಟು ಬೇಲಿಯಾಚೆಯಿಂದ ಬೈದು ಎಸೆಯುತ್ತಾರೆ. ಅತಿಯಾದರೆ ಅಮೃತವೂ ವಿಷ ಎಂಬುದನ್ನು ಹೋವೆಲ್ಸ್ ನಗಿಸುತ್ತಲೇ ಹೇಳಿಬಿಟ್ಟಿದ್ದಾನೆ. ತಿಳಿದವನು ಅಪ್ಪ, ತಿಳಿಯಬೇಕಾದವಳು ಮಗಳು. ಆ ಕಾಲದ ರೀತಿ ಹಾಗೆ.

ಈ ಕಥೆಯ ಎಳೆಯನ್ನು ಹಿಡಿದು 1996ರಲ್ಲಿ ಅಮೆರಿಕದ ‘ಫ್ಯಾಮಿಲಿ ಚಾನೆಲ್’ ಎಂಬ ಟಿ.ವಿ. ವಾಹಿನಿಗೆ ಅದೇ ಹೆಸರಿನ ಚಿತ್ರವೊಂದು ತಯಾರಾಯಿತು. ಅದರಲ್ಲಿ ಹಬ್ಬದಲ್ಲಿ ಸಿಕ್ಕಿಬೀಳುವವನು ಹದಿಹರೆಯದ ಹುಡುಗ. ಹತ್ತು ವರ್ಷ ಕಳೆಯಿತು. ವಾಹಿನಿಯ ಹೆಸರು ‘ಎಬಿಸಿ ಫ್ಯಾಮಿಲಿ’ ಎಂದಾಗಿತ್ತು. ಅದೇ ಕಥೆಯನ್ನು ಮತ್ತೆ ತೆಗೆದರು. 2006ರ ಡಿಸೆಂಬರ್ 16ರಂದು ಪ್ರಸಾರವಾದ ಆ ಚಿತ್ರದ ಹೆಸರು ‘ಕ್ರಿಸ್ಮಸ್ ಡೂ-ಓವರ್’. ಕ್ರಿಸ್ಮಸ್ಸನ್ನು ಇನ್ನೊಮ್ಮೆ ಮಾಡಿ ನೋಡು ಎಂದು ಅರ್ಥ. ಈ ಸಲ ಸಿಕ್ಕಿಬಿದ್ದವನು ಹುಡುಗನಲ್ಲ, ಹೆಂಡತಿಯಿಂದ ವಿಚ್ಛೇದನವಾದ ಒಬ್ಬ ಸ್ವಾರ್ಥಿ ಅಪ್ಪ. ಹಾರೈಸುವವನು ಅವನ ಮಗ.

ಮಗಳು ತನ್ನ ಲ್ಯಾಪ್‌ಟಾಪಿನಲ್ಲಿ ಹಾಕಿಕೊಟ್ಟಾಗ ನಾನು ಈ ಚಿತ್ರವನ್ನು ಬದನೆಕಾಯಿ ಹೆಚ್ಚುತ್ತಾ ಅರ್ಧ ಗಮನದಿಂದ ನೋಡಲು ಕೂತೆ. ಸ್ವಲ್ಪ ಹೊತ್ತಿಗೆ ಈಳಿಗೆಮಣೆ ಬದಿಗೆ ಸರಿಸಬೇಕಾಯಿತು. ದೊಡ್ಡ ಚಿತ್ರವೆಂದಲ್ಲ. ಟಿ.ವಿ.ಗೆಂದು ಕಡಿಮೆ ಖರ್ಚಿನಲ್ಲಿ ಮಾಡಿದ, ಹಬ್ಬದ ವಾರದಲ್ಲಿ ನೋಡಿ ಮರೆಯಲೆಂದೇ ಮಾಡಿದ ಹಾಸ್ಯಚಿತ್ರ. ಆದರೆ 1892ರಲ್ಲಿ ಮಗಳಿಗೆ ಬುದ್ಧಿ ಹೇಳುತ್ತಿದ್ದ ಅಪ್ಪ, 2006ಕ್ಕೆ ಬರುವಷ್ಟರಲ್ಲಿ ಮಗನಿಂದ ಬುದ್ಧಿ ಕಲಿಯಬೇಕಾದವನಾಗಿದ್ದಾನಲ್ಲ, ಆ ಬದಲಾವಣೆ ನನ್ನನ್ನು ಹಿಡಿದು ಕೂರಿಸಿತು.

ಬದಲಾವಣೆಗೆ ಕಾರಣ ಆ ದೇಶದ ಸಂಸಾರಗಳಲ್ಲೇ ಇದೆ. 1969ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಹೊಸ ವಿಚ್ಛೇದನ ಕಾನೂನು ತಂದಿತು. ಗಂಡ ಹೆಂಡತಿಯಲ್ಲಿ ಯಾರದು ತಪ್ಪು ಎಂದು ಕೋರ್ಟಿನಲ್ಲಿ ಸಾಧಿಸಬೇಕಾಗಿಲ್ಲ, ಹೊಂದಿಕೆಯಾಗುತ್ತಿಲ್ಲ ಎಂದರೆ ಸಾಕು. ಅದಕ್ಕೆ ಸಹಿ ಹಾಕಿದವರು ಆಗ ಅಲ್ಲಿನ ಗವರ್ನರ್ ಆಗಿದ್ದ, ಮುಂದೆ ಅಧ್ಯಕ್ಷರಾದ ರೊನಾಲ್ಡ್ ರೇಗನ್. ಉಳಿದ ರಾಜ್ಯಗಳು ಒಂದೊಂದಾಗಿ ಅದೇ ದಾರಿ ಹಿಡಿದವು. ಕೊನೆಯದಾಗಿ ನ್ಯೂಯಾರ್ಕ್ 2010ರಲ್ಲಿ ಬಂದು ಸೇರಿತು. ಹೀಗಾಗಿ ಹಬ್ಬದ ದಿನ ಮಗು ಯಾರ ಮನೆಯಲ್ಲಿರಬೇಕು ಎಂಬುದು ಅಲ್ಲಿ ಸಾವಿರಾರು ಮನೆಗಳ ಪ್ರಶ್ನೆಯಾಯಿತು. ಸಿನಿಮಾದವರು ಬಿಡುತ್ತಾರೆಯೇ? 1994ರ ‘ದಿ ಸಾಂಟಾ ಕ್ಲಾಸ್’ನಲ್ಲಿ ವಿಚ್ಛೇದಿತ ಅಪ್ಪ ಕ್ರಿಸ್ಮಸ್ ಹಿಂದಿನ ರಾತ್ರಿ ತಾನೇ ಸಾಂಟಾ ಆಗಬೇಕಾಗುತ್ತದೆ. 1997ರ ‘ಲಯರ್ ಲಯರ್’ನಲ್ಲಿ ಮಗ ಹುಟ್ಟುಹಬ್ಬದ ಮೇಣದ ಬತ್ತಿ ಆರಿಸುತ್ತಾ ಹಾರೈಸಿದ್ದಕ್ಕೆ ವಕೀಲ ಅಪ್ಪನ ಬಾಯಿಂದ ಒಂದಿಡೀ ದಿನ ಸುಳ್ಳೇ ಹೊರಡುವುದಿಲ್ಲ. ಅಪ್ಪನನ್ನು ತಿದ್ದಲು ಅಮ್ಮನ ಕೈಲಾಗಲಿಲ್ಲ, ಕೋರ್ಟಿನ ಕೈಲೂ ಆಗಲಿಲ್ಲ, ಇನ್ನು ಮಾಯೆಯೇ ಗತಿ ಎಂಬ ತೀರ್ಮಾನಕ್ಕೆ ಆ ದೇಶದ ಚಿತ್ರಕಥೆಗಾರರು ಬಂದಂತಿದೆ.

‘ಕ್ರಿಸ್ಮಸ್ ಡೂ-ಓವರ್’ನ ಕಥೆ ಸರಳ. ಕೆವಿನ್ ಎಂಬಾತ ಕ್ರಿಸ್ಮಸ್ ದಿನ ಮಗ ಬೆನ್‌ಗೆ ಉಡುಗೊರೆ ಕೊಡಲು ಹಳೆಯ ಹೆಂಡತಿ ಜಿಲ್ ಇರುವಲ್ಲಿಗೆ ಬರುತ್ತಾನೆ. ಅವಳ ಬಾಳಿನಲ್ಲಿ ಈಗ ಟಾಡ್ ಎಂಬ ಇನ್ನೊಬ್ಬನಿದ್ದಾನೆ. ಕೆವಿನ್‌ಗೆ ತನ್ನ ಕೆಲಸ ಮುಗಿಸಿ ಹೊರಟರೆ ಸಾಕಾಗಿದೆ. ಆದರೆ ಮಗ ದಿನವೂ ಕ್ರಿಸ್ಮಸ್ ಇರಲಿ ಎಂದು ಹಾರೈಸುತ್ತಾನೆ. ಮಾರನೆಯ ಬೆಳಿಗ್ಗೆ ಏಳುತ್ತಾನೆ, ಮತ್ತೆ ಅದೇ ಕ್ರಿಸ್ಮಸ್. ಅದರ ಮಾರನೆಯ ಬೆಳಿಗ್ಗೆಯೂ ಅದೇ. ಮನೆಯಲ್ಲಿ ಬೇರೆ ಯಾರಿಗೂ ನಿನ್ನೆಯ ನೆನಪಿಲ್ಲ. ಅವನೊಬ್ಬನಿಗೇ ಎಲ್ಲ ನೆನಪು.

ಈ ಜಾತಿಯ ಹಾಸ್ಯದ ಗುಟ್ಟು ನಮ್ಮ ಪ್ರೈಮರಿ ಶಾಲೆಯ ಮಕ್ಕಳಿಗೂ ಗೊತ್ತು. ಒಂದೇ ಕಥೆಯನ್ನು ಹತ್ತು ಸಲ ಹೇಳಿ ಎನ್ನುತ್ತಾರೆ. ಮುಂದೇನು ಎಂದು ಗೊತ್ತಿದ್ದಷ್ಟೂ ಅವರಿಗೆ ನಗು ಹೆಚ್ಚು. ಮೊದಲ ದಿನ ಎಡವಿದವನು ಎರಡನೆಯ ದಿನವೂ ಎಡವುತ್ತಾನೆ, ಮೂರನೆಯ ದಿನ ಹಾರಿ ದಾಟುತ್ತಾನೆ. ಗೊತ್ತಿರುವವರು ಅವನು ಮತ್ತು ನಾವು ಇಬ್ಬರೇ ಆದ್ದರಿಂದ ನಮಗೆ ತಿಳಿಯದೆಯೇ ಅವನ ಪಕ್ಷ ವಹಿಸುತ್ತೇವೆ. ಕೆವಿನ್ ಪಾತ್ರ ಮಾಡಿದ ಜೇ ಮೋರ್‌ನ ಮುಖದಲ್ಲಿ ಒಂದು ಚುರುಕು ದುರಾಸೆ ಇದೆ. 1996ರ ‘ಜೆರ್ರಿ ಮಗ್ವಾಯರ್’ನಲ್ಲಿ ನಾಯಕನನ್ನು ಕೆಲಸದಿಂದ ಕಿತ್ತುಹಾಕಿ, ಅವನ ಗಿರಾಕಿಗಳನ್ನು ಕಸಿಯುವ ಏಜೆಂಟನಾಗಿದ್ದವನು ಇವನೇ. ಒಳ್ಳೆಯವನಾಗುವುದಕ್ಕಿಂತ ಕೆಟ್ಟವನಾಗಿರುವುದೇ ಅವನಿಗೆ ಚೆನ್ನಾಗಿ ಒಪ್ಪುತ್ತದೆ. ಹಾಗಾಗಿ ಚಿತ್ರದ ಮೊದಲ ಅರ್ಧ ಚುರುಕು, ಎರಡನೆಯ ಅರ್ಧ ಸ್ವಲ್ಪ ಪಾಯಸ.

ಇಷ್ಟು ಹೇಳಿ ಬಿಟ್ಟರೆ ಇದೊಂದು ಕಾಲಹರಣದ ಚಿತ್ರ. ಆದರೆ ಮಗ ಹಾರೈಸಿದ್ದು ಏನನ್ನು ಎಂದು ಒಮ್ಮೆ ಯೋಚಿಸಿ. ಹೋವೆಲ್ಸ್‌ನ ಹುಡುಗಿಗೆ ಬೇಕಾಗಿದ್ದದ್ದು ಮಿಠಾಯಿ, ಗೊಂಬೆ. ಬೆನ್‌ಗೆ ಬೇಕಾದದ್ದು ಅದಲ್ಲ ಎಂದು ನನಗೆ ಅನ್ನಿಸುತ್ತದೆ. ಕ್ರಿಸ್ಮಸ್ ಎಂದರೆ ಅವನ ಅಪ್ಪ ಅಮ್ಮ ಒಂದೇ ಸೂರಿನಡಿ ಇರುವ ದಿನ. ದಿನವೂ ಹಬ್ಬವಿರಲಿ ಎಂದರೆ ಅಪ್ಪ ದಿನವೂ ಇರಲಿ ಎಂದರ್ಥ. ಬಾಯಿಬಿಟ್ಟು ಹಾಗೆ ಕೇಳಿದರೆ ದೊಡ್ಡವರ ಮುಖ ಸಪ್ಪಗಾಗುತ್ತದೆ ಎಂದು ಇಂಥ ಮಕ್ಕಳಿಗೆ ಬಹಳ ಬೇಗ ತಿಳಿದುಬಿಡುತ್ತದೆ. ಅದಕ್ಕೇ ಹಬ್ಬವನ್ನು ಕೇಳುತ್ತಾರೆ.

ಇಪ್ಪತ್ತೆಂಟು ವರ್ಷ ಹಾಜರಿ ಕೂಗಿದ ನನಗೆ ಈ ಜಾಣತನದ ಪರಿಚಯವಿದೆ. ಅಪ್ಪ ಅಮ್ಮ ಬೇರೆಯಾಗಿದ್ದ ಒಬ್ಬ ಹುಡುಗ ನನ್ನ ತರಗತಿಯಲ್ಲಿದ್ದ. ಕೆಲವು ಶನಿವಾರ ಬೆಳಗಿನ ಶಾಲೆ ಬಿಡುವ ಹೊತ್ತಿಗೆ ಅಪ್ಪ ಗೇಟಿನ ಬಳಿ ಬಂದು ನಿಲ್ಲುತ್ತಿದ್ದರು. ಕೈಯಲ್ಲಿ ದೊಡ್ಡ ಪೊಟ್ಟಣ. ಒಂದು ಸಲ ದುಬಾರಿ ಬಣ್ಣದ ಪೆಟ್ಟಿಗೆ, ಇನ್ನೊಂದು ಸಲ ಬ್ಯಾಟರಿ ಕಾರು. ಒಮ್ಮೆ ನನ್ನೆದುರೇ ಮಗನ ತಲೆ ಸವರಿ, ‘ಈಗ ಐದನೇದೋ ಆರನೇದೋ ಮರಿ?’ ಎಂದು ಕೇಳಿದರು. ಹುಡುಗ ‘ಆರು ಪಪ್ಪಾ’ ಎಂದ. ಬೇಸರವಿಲ್ಲದೆ, ನಿಧಾನವಾಗಿ, ಚಿಕ್ಕವರಿಗೆ ಹೇಳಿಕೊಡುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿ, ‘ಪಪ್ಪಾಗೆ ತುಂಬಾ ಕೆಲಸ ಮಿಸ್’ ಎಂದು ಅಪ್ಪನ ಪರವಾಗಿ ತಾನೇ ಸಮಾಧಾನ ಹೇಳಿದ. ಆ ಮನುಷ್ಯ ಕೆಟ್ಟವರೆಂದು ನಾನು ಹೇಳಲಾರೆ. ಬರುವುದನ್ನಂತೂ ಬಿಟ್ಟಿರಲಿಲ್ಲ. ಆದರೆ ಮಗನ ಒಂದು ಸಾಮಾನ್ಯ ಬುಧವಾರ ಹೇಗಿರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ಯಾವ ಚಟ್ನಿ ಸೇರುವುದಿಲ್ಲ, ಯಾವ ಲೆಕ್ಕಕ್ಕೆ ಹೆದರುತ್ತಾನೆ, ಬೆಂಚಿನಲ್ಲಿ ಪಕ್ಕಕ್ಕೆ ಯಾರು ಕೂರುತ್ತಾರೆ, ಇದೊಂದೂ ಪೊಟ್ಟಣದಲ್ಲಿ ಬರುವಂಥದ್ದಲ್ಲ.

ಕೆವಿನ್‌ಗೆ ಸಿಕ್ಕ ಶಿಕ್ಷೆ ಇದನ್ನೇ ಕಲಿಸುತ್ತದೆ. ಉಡುಗೊರೆ ಕೊಟ್ಟು ಓಡಬೇಕೆಂದಿದ್ದವನು ಓಡಲಾರದೆ ನಿಲ್ಲಬೇಕು. ನಿಂತಾಗ ಮನೆ ಕಣ್ಣಿಗೆ ಬೀಳುತ್ತದೆ. ಮೊದಮೊದಲು ಅವನು ತನಗೆ ತಿಳಿದದ್ದನ್ನು ಲಾಭಕ್ಕೆ ಬಳಸುತ್ತಾನೆ. ಯಾರು ಏನು ಹೇಳುತ್ತಾರೆಂದು ಗೊತ್ತಿದ್ದರೆ ಜಾಣನೆನಿಸಿಕೊಳ್ಳುವುದು ಸುಲಭವಲ್ಲವೇ? ಇಲ್ಲಿ ಈ ಬಗೆಯ ಚಿತ್ರಗಳಿಗೆಲ್ಲ ಹಿರಿಯಣ್ಣನಾದ 1993ರ ‘ಗ್ರೌಂಡ್‌ಹಾಗ್ ಡೇ’ಯನ್ನು ನೆನೆಯಲೇಬೇಕು. ಹೆರಾಲ್ಡ್ ರಾಮಿಸ್ ನಿರ್ದೇಶಿಸಿದ, ಬಿಲ್ ಮರ್ರಿ ನಟಿಸಿದ ಚಿತ್ರ. ಪೆನ್ಸಿಲ್ವೇನಿಯಾದ ಪಂಕ್ಸಟಾನಿ ಎಂಬ ಊರಲ್ಲಿ ಫೆಬ್ರವರಿ 2ರಂದು ಬಿಲದಿಂದ ಒಂದು ಪ್ರಾಣಿಯನ್ನು ಹೊರತೆಗೆದು, ಅದಕ್ಕೆ ತನ್ನ ನೆರಳು ಕಂಡರೆ ಚಳಿ ಇನ್ನೂ ಆರು ವಾರ ಎಂದು ಹೇಳುವ ಹಬ್ಬವಿದೆ. ಅದನ್ನು ವರದಿ ಮಾಡಲು ಬಂದ ಟಿ.ವಿ. ಹವಾಮಾನದವನು ಅದೇ ದಿನದಲ್ಲಿ ಸಿಕ್ಕಿಬೀಳುತ್ತಾನೆ. ಜೊತೆಗಿರುವ ರೀಟಾಳ ಇಷ್ಟಾನಿಷ್ಟಗಳನ್ನೆಲ್ಲ ಒಂದೊಂದು ದಿನ ಒಂದೊಂದಾಗಿ ಕೇಳಿ ತಿಳಿದು, ಮಾರನೆಯ ದಿನ ತನ್ನದೂ ಅದೇ ಇಷ್ಟವೆಂದು ನಟಿಸಿ ಅವಳನ್ನು ಒಲಿಸಲು ನೋಡುತ್ತಾನೆ. ಪ್ರತಿ ರಾತ್ರಿಯೂ ಕೆನ್ನೆಗೆ ಏಟು ಬೀಳುತ್ತದೆ. ಅವಳಿಗೆ ನಿನ್ನೆಯ ನೆನಪಿಲ್ಲ, ಆದರೂ ಇದರಲ್ಲೇನೋ ಮೋಸವಿದೆ ಎಂದು ಅವಳ ಮನಸ್ಸಿಗೆ ತಿಳಿಯುತ್ತದೆ. ಹೆಂಗಸನ್ನು ತಿಳಿದುಕೊಳ್ಳುವುದಕ್ಕೂ ಅವಳ ವಿಷಯ ಸಂಗ್ರಹಿಸುವುದಕ್ಕೂ ಇರುವ ವ್ಯತ್ಯಾಸವನ್ನು ಇಷ್ಟು ನಗಿಸುತ್ತಾ ಹೇಳಿದ ಚಿತ್ರವನ್ನು ನಾನು ಬೇರೆ ಕಂಡಿಲ್ಲ.

ಅದೇ ಚಿತ್ರದಲ್ಲಿ ಒಬ್ಬ ಮುದುಕ ಭಿಕ್ಷುಕನಿದ್ದಾನೆ. ನಾಯಕ ಅವನಿಗೆ ಉಣಿಸುತ್ತಾನೆ, ಉಸಿರು ತುಂಬಲು ನೋಡುತ್ತಾನೆ, ಏನು ಮಾಡಿದರೂ ಆ ರಾತ್ರಿ ಮುದುಕ ಸಾಯುತ್ತಾನೆ. ಎಷ್ಟು ದಿನ ಮರಳಿ ಬಂದರೂ ಕೈಮೀರಿದ್ದೊಂದು ಇರುತ್ತದೆ ಎಂಬ ಆ ಮಾತೇ ‘ಗ್ರೌಂಡ್‌ಹಾಗ್ ಡೇ’ಯನ್ನು ದೊಡ್ಡ ಚಿತ್ರವಾಗಿಸಿತು. 2006ರಲ್ಲಿ ಅದನ್ನು ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಯ ಪಟ್ಟಿಗೆ ಸೇರಿಸಿದರು. ಅದೇ ವರ್ಷ ಪ್ರಸಾರವಾದ ನಮ್ಮ ‘ಡೂ-ಓವರ್’ನಲ್ಲಿ ಇಂಥ ಕೈಮೀರಿದ ಸಂಗತಿ ಇಲ್ಲ. ಹಬ್ಬದ ಚಿತ್ರವೆಂದು ಬಿಟ್ಟರೋ ಏನೋ. ಮುರಿದದ್ದೆಲ್ಲ ಕೂಡುತ್ತದೆ, ಮುನಿದವರೆಲ್ಲ ನಗುತ್ತಾರೆ.

ಇನ್ನು ಜಿಲ್‌ಳ ವಿಷಯಕ್ಕೆ ಬರೋಣ. ನನ್ನ ತಕರಾರು ಇಲ್ಲಿದೆ. ಡಾಫ್ನಿ ಜುನಿಗಾ ಈ ಪಾತ್ರವನ್ನು ಸಂಯಮದಿಂದಲೇ ಮಾಡಿದ್ದಾಳೆ. ಆದರೆ ಅವಳಿಗೆ ಮಾಡಲು ಕೊಟ್ಟಿರುವುದೇನು? ಅವಳು ಪ್ರತಿ ಬೆಳಿಗ್ಗೆ ಹೊಸದಾಗಿ ಏಳುತ್ತಾಳೆ. ಹಳೆಯ ಗಂಡ ಎಂಥವನು ಎಂಬ ಅನುಭವ ಮಾತ್ರ ಅವಳಿಗಿದೆ, ಅವನು ಕಲಿಯುತ್ತಿರುವ ಪಾಠ ಅವಳಿಗೆ ಕಾಣದು. ಎಷ್ಟೋ ದಿನ ಅಭ್ಯಾಸ ಮಾಡಿ ತಿದ್ದಿಕೊಂಡು ಬಂದವನು ಅವಳ ಕಣ್ಣಿಗೆ ಒಂದೇ ದಿನದಲ್ಲಿ ದೇವರಂತಾಗಿ ಕಾಣುತ್ತಾನೆ. ನೀವೇ ಹೇಳಿ, ವರ್ಷಗಟ್ಟಲೆ ನೋಯಿಸಿದವನು ಒಂದು ಹಬ್ಬದ ದಿನ ಬೆಳಗಿನಿಂದ ಸಂಜೆಯವರೆಗೆ ಬಹಳ ಒಳ್ಳೆಯವನಾಗಿದ್ದರೆ ನಿಮಗೆ ನಂಬಿಕೆ ಬರುತ್ತದೋ, ಅನುಮಾನ ಬರುತ್ತದೋ? ಚಿತ್ರ ನೋಡುವ ನಮಗೆ ಅವನ ಶ್ರಮವೆಲ್ಲ ಗೊತ್ತು, ಹಾಗಾಗಿ ‘ಪಾಪ, ಒಪ್ಪಿಕೊಳ್ಳಬಾರದೇ’ ಎನ್ನಿಸುತ್ತದೆ. ಹಾಗೆ ಅನ್ನಿಸುವಂತೆ ನಮ್ಮನ್ನು ಕೂರಿಸಿರುವುದೇ ಚಿತ್ರದ ಚಮತ್ಕಾರ. ಅವಳ ಜಾಗದಲ್ಲಿ ಕೂರಿಸಿದ್ದರೆ ಕಥೆಯೇ ಬೇರೆ.

ಅಡಿಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎಂಬ ಗಾದೆಯನ್ನು ನಮ್ಮ ಅಜ್ಜಿಯರು ಸುಮ್ಮನೆ ಹೇಳಲಿಲ್ಲ. ವರ್ಷದ ಮುನ್ನೂರ ಅರವತ್ನಾಲ್ಕು ದಿನ ಬೆನ್‌ನನ್ನು ಎಬ್ಬಿಸಿ, ತಿನ್ನಿಸಿ, ಶಾಲೆಗೆ ಕಳಿಸಿದವಳು ಜಿಲ್. ಒಂದು ದಿನವನ್ನು ಸರಿಯಾಗಿ ಬಡಿಸಲು ಕಲಿತ ಕೆವಿನ್ ಮೇಲಾದ. ಒಂದೇ ದಿನ ಮತ್ತೆ ಮತ್ತೆ ಬರುವುದು ಹೆಂಗಸರಾದ ನಮಗೆ ಅಂಥ ವಿಚಿತ್ರ ಸಂಗತಿಯೇನಲ್ಲ. ಬೆಳಗಿನ ಹಾಲು, ಮೂರು ಡಬ್ಬಿ, ಎಂಟೂಮುಕ್ಕಾಲರ ಬಸ್ಸು, ಸಂಜೆಯ ಕೊತ್ತಂಬರಿ ಸೊಪ್ಪು, ರಾತ್ರಿ ನಾಳೆಯ ದೋಸೆಗೆ ಹಿಟ್ಟು. ಇದನ್ನು ಯಾರೂ ಶಾಪವೆಂದು ಕರೆಯುವುದಿಲ್ಲ, ಇದರಿಂದ ಪಾರಾಗಲು ಯಾವ ಯಕ್ಷಿಣಿಯೂ ಬರುವುದಿಲ್ಲ. ಗಂಡಸೊಬ್ಬ ಆ ಗಾಣಕ್ಕೆ ಸಿಕ್ಕಿದಾಗ ಮಾತ್ರ ಅದು ಸಿನಿಮಾ ಆಗುತ್ತದೆ.

ಹಾಗೆಂದು ಅವನು ಬದಲಾಗಬಾರದಿತ್ತು ಎನ್ನುತ್ತೇನೆಯೇ? ಖಂಡಿತ ಇಲ್ಲ. ಅಪ್ಪ ಒಳ್ಳೆಯವನಾದರೆ ಅದರ ಲಾಭ ಮಗುವಿಗೆ. ಆದರೆ ಒಳ್ಳೆಯ ಅಪ್ಪನಾಗುವುದೂ ಮತ್ತೆ ಗಂಡನಾಗುವುದೂ ಎರಡು ಬೇರೆ ಬೇರೆ ಸಂಗತಿ. ಈ ಮೂರು ಚಿತ್ರಗಳನ್ನು ಪಕ್ಕಪಕ್ಕಕ್ಕಿಟ್ಟರೆ ಇದು ಸ್ಪಷ್ಟವಾಗುತ್ತದೆ. ‘ಲಯರ್ ಲಯರ್’ನ ಕೊನೆಗೆ, ವರ್ಷದ ನಂತರದ ಹುಟ್ಟುಹಬ್ಬದಲ್ಲಿ, ಅಪ್ಪ ಅಮ್ಮ ಮತ್ತೆ ಹತ್ತಿರವಾಗುತ್ತಾರೆ. ‘ಡೂ-ಓವರ್’ನಲ್ಲೂ ಕೆವಿನ್‌ನ ಕಣ್ಣು ಮಗನ ಮೇಲಷ್ಟೇ ಅಲ್ಲ, ಜಿಲ್‌ಳನ್ನು ಮತ್ತೆ ಗೆಲ್ಲುವುದರ ಮೇಲೂ ಇದೆ. ‘ದಿ ಸಾಂಟಾ ಕ್ಲಾಸ್’ ಮಾತ್ರ ಬೇರೆ ದಾರಿ ಹಿಡಿದಿದೆ. ಅದರಲ್ಲಿ ತಾಯಿ ಲಾರಾ ತನ್ನ ಎರಡನೆಯ ಗಂಡ ನೀಲ್‌ನ ಜೊತೆಗೇ ಉಳಿಯುತ್ತಾಳೆ. ಹಳೆಯ ಗಂಡ ಮಗನನ್ನು ನೋಡದಂತೆ ತಡೆಯುವ ಕೋರ್ಟಿನ ಕಾಗದಗಳನ್ನು ಬೆಂಕಿಗೆ ಹಾಕಿ, ಯಾವಾಗ ಬೇಕಾದರೂ ಬಂದು ನೋಡು ಎನ್ನುತ್ತಾಳೆ. ಮಗುವಿನ ಬಾಗಿಲು ತೆರೆದಳು, ತನ್ನ ಬಾಗಿಲು ತನ್ನದಾಗಿಯೇ ಉಳಿಸಿಕೊಂಡಳು. ನೋಡಲು ಅದು ಮೂರರಲ್ಲೂ ಹೆಚ್ಚು ಹುಡುಗಾಟದ ಚಿತ್ರ, ಆದರೆ ಸಂಸಾರದ ವಿಷಯದಲ್ಲಿ ಹೆಚ್ಚು ಬಲಿತದ್ದು ಅದೇ. ಗಂಡ ತಿದ್ದಿಕೊಂಡನೆಂಬ ಒಂದೇ ಕಾರಣಕ್ಕೆ ಹೆಂಗಸು ತಾನು ಕಷ್ಟಪಟ್ಟು ಕಟ್ಟಿಕೊಂಡ ಬದುಕನ್ನು ಬಿಚ್ಚಿ ಕೊಡಬೇಕಾಗಿಲ್ಲ. ಅವನು ಬದಲಾದದ್ದು ಅವನು ತೀರಿಸಬೇಕಾಗಿದ್ದ ಸಾಲ. ಸಾಲ ತೀರಿಸಿದವನಿಗೆ ಬಹುಮಾನ ಕೊಡುವ ರೂಢಿ ಯಾವ ಅಂಗಡಿಯಲ್ಲೂ ಇಲ್ಲ.

ಚಿತ್ರದ ದೊಡ್ಡ ಸುಳ್ಳು ಇದಲ್ಲ, ಇನ್ನೊಂದಿದೆ. ಕಥೆಯಲ್ಲಿ ಅಪ್ಪ ಎಷ್ಟು ದಿನ ತೆಗೆದುಕೊಂಡರೂ ಬೆನ್ ಅಷ್ಟೇ ಎತ್ತರದವನು. ಅವನ ಅಂಗಿ ಚಿಕ್ಕದಾಗುವುದಿಲ್ಲ, ಹಲ್ಲು ಬೀಳುವುದಿಲ್ಲ, ಕಾಯುವುದು ಅವನಿಗೆ ಬೇಸರವಾಗುವುದಿಲ್ಲ. ಅಪ್ಪ ಪರೀಕ್ಷೆಯಲ್ಲಿ ನಪಾಸಾದರೆ ಮಾರನೆಯ ದಿನ ಅದೇ ಪ್ರಶ್ನೆಪತ್ರಿಕೆ, ಅದೇ ಹುಡುಗ. ನಿಜವಾದ ಮನೆಗಳಲ್ಲಿ ಹಾಗಿಲ್ಲ. ಅಪ್ಪ ಕಲಿಯುತ್ತಿರುವಾಗ ಮಗನೂ ಬೆಳೆಯುತ್ತಿರುತ್ತಾನೆ. ನಾನು ಹೇಳಿದ ಆ ಹುಡುಗ ಹತ್ತನೆಯ ತರಗತಿಗೆ ಬಂದಾಗ ಅಪ್ಪ ಈಗಲೂ ಗೇಟಿಗೆ ಬರುತ್ತಿದ್ದರು, ಈಗ ಮೊದಲಿಗಿಂತ ಹೆಚ್ಚಾಗಿಯೇ. ಪೊಟ್ಟಣವೂ ಇರಲಿಲ್ಲ, ಮಾತಾಡಲು ಸಮಯವೂ ಇತ್ತು. ಹುಡುಗ ಗೌರವದಿಂದಲೇ ಐದು ನಿಮಿಷ ನಿಂತು, ‘ಟ್ಯೂಷನ್ ಇದೆ ಪಪ್ಪಾ’ ಎಂದು ಸ್ನೇಹಿತರ ಜೊತೆ ಹೊರಟುಬಿಡುತ್ತಿದ್ದ. ಕೋಪವಿರಲಿಲ್ಲ. ಅವನಿಗೆ ಬೇಕಾಗಿದ್ದ ವಯಸ್ಸು ದಾಟಿಹೋಗಿತ್ತು, ಅಷ್ಟೆ. ಹತ್ತು ವರ್ಷದ ಮಗುವಿಗೆ ಕೊಡಬೇಕಾದ್ದನ್ನು ಹದಿನಾರಕ್ಕೆ ಕೊಟ್ಟರೆ ಅದನ್ನು ಇಡಲು ಅವನ ಬಳಿ ಜಾಗವಿರುವುದಿಲ್ಲ.

ಈ ಕಾರಣಕ್ಕೇ ನಾನು ಈ ಪುಟ್ಟ ಚಿತ್ರವನ್ನು ತಳ್ಳಿಹಾಕಲಾರೆ. ಅದು ಸುಳ್ಳು ಹೇಳುತ್ತದೆ, ಆದರೆ ಆಸೆಯ ಸುಳ್ಳು. ಸಮಯವೊಂದು ನಿಂತಿದ್ದರೆ ಎಲ್ಲ ಅಪ್ಪಂದಿರೂ ಕಲಿತಾರು ಎನ್ನುತ್ತದೆ. ಸಮಯ ನಿಲ್ಲುವುದಿಲ್ಲವಾದ್ದರಿಂದ ಇವತ್ತೇ ಕಲಿಯಬೇಕು ಎಂದು ನೋಡುವವರು ತಿಳಿದುಕೊಂಡರೆ ಚಿತ್ರ ಸಾರ್ಥಕ. ಕೆವಿನ್ ಕಲಿತದ್ದಾದರೂ ಏನು? ಬ್ರಹ್ಮವಿದ್ಯೆಯಲ್ಲ. ಮನೆಯಲ್ಲಿ ಯಾರಿಗೆ ಏನು ನೋವು, ಯಾರಿಗೆ ಯಾವಾಗ ಒಂದು ಮಾತು ಬೇಕು, ಮಗ ನಿಜವಾಗಿ ಏನು ಕೇಳುತ್ತಿದ್ದಾನೆ ಎಂಬುದು. ಇದಕ್ಕೆ ಮಾಯೆ ಬೇಕಾಗಿಲ್ಲ. ಊಟದ ಹೊತ್ತಿಗೆ ಮನೆಯಲ್ಲಿದ್ದು, ಕೈಯಲ್ಲಿರುವ ಫೋನು ಕೆಳಗಿಟ್ಟರೆ ಅರ್ಧ ಪಾಠ ಮುಗಿಯಿತು.

ಒಂದು ತಮಾಷೆಯನ್ನೂ ಹೇಳಿ ಮುಗಿಸುತ್ತೇನೆ. ಈ ಚಿತ್ರವನ್ನು ಪ್ರಸಾರ ಮಾಡಿದ ವಾಹಿನಿ 1996ರಿಂದ ಪ್ರತಿ ಡಿಸೆಂಬರ್‌ನಲ್ಲಿ ‘ಕ್ರಿಸ್ಮಸ್‌ನ 25 ದಿನಗಳು’ ಎಂಬ ಹೆಸರಿನಲ್ಲಿ ಹಬ್ಬದ ಚಿತ್ರಗಳನ್ನು ಸಾಲಾಗಿ ತೋರಿಸುತ್ತಾ ಬಂದಿತು. 2016ರಲ್ಲಿ ಅದರ ಹೆಸರು ‘ಫ್ರೀಫಾರ್ಮ್’ ಎಂದು ಬದಲಾದ ಮೇಲೂ ಆ ಪದ್ಧತಿ ನಿಲ್ಲಲಿಲ್ಲ. ದಿನವೂ ಕ್ರಿಸ್ಮಸ್ ಆದರೆ ಜನ ಉಡುಗೊರೆಗಳನ್ನು ಬೇಲಿಯಾಚೆ ಎಸೆದಾರು ಎಂದು ಹೋವೆಲ್ಸ್ ಹೇಳಿದ್ದ. ಟಿ.ವಿ.ಯವರು ಅವನ ಕಥೆಯನ್ನೇ ತೆಗೆದುಕೊಂಡು ಇಪ್ಪತ್ತೈದು ದಿನದ ಹಬ್ಬ ಮಾಡಿದರು. ಜನ ಬೇಸರಪಡಲಿಲ್ಲ, ಚಾ ಕುಡಿಯುತ್ತಾ ನೋಡಿದರು.

ಡಿಸೆಂಬರ್ ರಜೆಯಲ್ಲಿ ಮಕ್ಕಳೊಡನೆ ಕೂತು ನೋಡಬಹುದಾದ ಚಿತ್ರ ಇದು. ಮನೆಯ ಗಂಡಸರನ್ನೂ ಕರೆದು ಕೂರಿಸಿಕೊಳ್ಳಿ. ಒಂದು ಸಲ ನೋಡಿದರೆ ಸಾಕು. ಯಾರಿಗಾದರೂ ಅರ್ಥವಾಗದಿದ್ದರೆ ಮಾತ್ರ ಮಾರನೆಯ ದಿನವೂ ಅದನ್ನೇ ಹಾಕಿ.